ಬಾಗಿಲು ತೆರೆದವರು ಯಾರು?



1725ನೇ ಇಸವಿ. ಸರ್ಬಿಯಾದ ಕಿಸಿಲೋವಾ ಎಂಬ ಹಳ್ಳಿ. ಆಗ ಆ ಸೀಮೆ ಆಸ್ಟ್ರಿಯಾದ ಆಡಳಿತಕ್ಕೆ ಸೇರಿತ್ತು. ಪೀಟರ್ ಪ್ಲೊಗೊಯೊವಿಟ್ಸ್ ಎಂಬ ರೈತನನ್ನು ಮಣ್ಣು ಮಾಡಿ ಹತ್ತು ವಾರವಾಗಿತ್ತು. ಇದ್ದಕ್ಕಿದ್ದಂತೆ ಎಂಟು ದಿನದೊಳಗೆ ಊರಿನಲ್ಲಿ ಒಂಬತ್ತು ಜನ ತೀರಿಕೊಂಡರು. ಪೀಟರನೇ ರಾತ್ರಿ ಬಂದು ಮೈಮೇಲೆ ಬಿದ್ದು ಕತ್ತು ಹಿಸುಕಿದ ಎಂದು ಪ್ರಾಣ ಬಿಡುವ ಮುನ್ನ ಅವರು ಹೇಳಿದರಂತೆ. ಅವನ ಹೆಂಡತಿ ಅಷ್ಟರಲ್ಲಾಗಲೇ ಊರು ಬಿಟ್ಟು ಹೋಗಿದ್ದಳು. ಸತ್ತ ಗಂಡ ಅವಳ ಬಳಿಗೆ ಬಂದು, ನನ್ನ ಚಪ್ಪಲಿ ಕೊಡು ಎಂದು ಕೇಳಿದ್ದನಂತೆ. ಹಳ್ಳಿಯವರ ಒತ್ತಾಯಕ್ಕೆ ಮಣಿದ ಸರ್ಕಾರಿ ಅಧಿಕಾರಿ ಸಮಾಧಿ ತೆಗೆಸಿದ. ಹೆಣದ ಎದೆಗೆ ಗೂಟ ಹೊಡೆದು ಸುಟ್ಟರು. ಅಧಿಕಾರಿಯ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ರಕ್ತಪಿಶಾಚಿಯ ಸುದ್ದಿ ಯುರೋಪಿನ ಓದುಬರಹದ ಲೋಕಕ್ಕೆ ಬಂದು ಮುಟ್ಟಿದ್ದು ಇಂಥ ವರದಿಗಳಿಂದಲೇ.

ಆ ಚಪ್ಪಲಿಯ ಮಾತನ್ನು ಸ್ವಲ್ಪ ಗಮನಿಸಿ. ಇಲ್ಲಿ ಕೋಟೆಯಿಲ್ಲ, ಕಪ್ಪು ನಿಲುವಂಗಿಯಿಲ್ಲ, ಬಾವಲಿಯಿಲ್ಲ. ಸತ್ತವನು ಒಬ್ಬ ಬಡ ರೈತ. ಹೋದದ್ದು ತನ್ನದೇ ಮನೆಗೆ, ಕೇಳಿದ್ದು ತನ್ನದೇ ಕಾಲಿನ ಜೋಡು. ಜನಪದರ ಕಲ್ಪನೆಯ ರಕ್ತಪಿಶಾಚಿ ಎಲ್ಲಿಂದಲೋ ಬಂದ ಅನ್ಯನಲ್ಲ, ಮನೆಯವನೇ. ಮಣ್ಣಿನೊಳಗೆ ಹೆಣ ಉಬ್ಬುವುದು, ಬಾಯಂಚಿನಲ್ಲಿ ರಕ್ತದಂಥ ದ್ರವ ಕಾಣುವುದು, ಚರ್ಮ ಹಿಂದೆ ಸರಿದು ಉಗುರು ಬೆಳೆದಂತೆ ತೋರುವುದು, ಇವೆಲ್ಲ ಕೊಳೆಯುವಿಕೆಯ ಸಹಜ ಹಂತಗಳೆಂದು ಇಂದು ನಮಗೆ ಗೊತ್ತು. ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾ ತನ್ನ ವೈದ್ಯನ ಮಾತು ಕೇಳಿ, 1755ರಲ್ಲಿ ಇಂಥ ಹೆಣ ಅಗೆಯುವ ಕೆಲಸಕ್ಕೆ ತಡೆ ಹಾಕಿದಳು. ಹಳ್ಳಿಯಲ್ಲಿ ನಿಂತುಹೋದ ಆ ಕೆಲಸವನ್ನು ಮುಂದೆ ಕತೆಗಾರರು ಕೈಗೆತ್ತಿಕೊಂಡರು.

ಕಳೆದ ಇನ್ನೂರು ವರ್ಷಗಳಲ್ಲಿ ರಕ್ತಪಿಶಾಚಿಯ ಕತೆ ಬರೆದವರಿಗೆ ಲೆಕ್ಕವಿಲ್ಲ. ಅವರನ್ನು ಹೋಲಿಸುವಾಗ ಸಾಮಾನ್ಯವಾಗಿ ಹಲ್ಲು, ಕನ್ನಡಿ, ಬೆಳ್ಳುಳ್ಳಿ, ಶಿಲುಬೆ ಇವುಗಳ ಚರ್ಚೆಯೇ ನಡೆಯುತ್ತದೆ. ಯಾರ ಪಿಶಾಚಿಗೆ ಕನ್ನಡಿಯಲ್ಲಿ ಪ್ರತಿಬಿಂಬವಿಲ್ಲ, ಯಾರದು ಬಿಸಿಲಿಗೆ ಸಾಯುತ್ತದೆ, ಹೀಗೆ. ನನಗೆ ಇವುಗಳಿಗಿಂತ ದೊಡ್ಡದೆನಿಸಿದ ಪ್ರಶ್ನೆ ಇನ್ನೊಂದಿದೆ. ಅದು ಒಳಗೆ ಬಂದದ್ದು ಹೇಗೆ? ಬಾಗಿಲು ತೆರೆದವರು ಯಾರು, ಯಾಕೆ ತೆರೆದರು? ಈ ಪ್ರಶ್ನೆಗೆ ಕತೆಗಾರ ಕೊಡುವ ಉತ್ತರದಲ್ಲಿ ಅವನ ಶಕ್ತಿ ಎಷ್ಟೆಂಬುದು ಗೊತ್ತಾಗುತ್ತದೆ. ಬಾಗಿಲು ಮುರಿದು ಬರುವ ಪಿಶಾಚಿ ಓದುಗನನ್ನು ಒಂದು ರಾತ್ರಿ ಹೆದರಿಸಬಹುದು. ಮನೆಯವರೇ ಅಕ್ಕರೆಯಿಂದ ಚಿಲಕ ತೆಗೆದು ಒಳಗೆ ಕರೆದುಕೊಂಡದ್ದು ಮಾತ್ರ ಓದಿದವನ ಮನಸ್ಸಿನಿಂದ ಹೋಗುವುದಿಲ್ಲ.

ಇದು ನಮ್ಮವರಿಗೆ ತಿಳಿಯದ ಸಂಗತಿಯಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ, ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವೊಂದಿತ್ತು. ರಾತ್ರಿ ಬರುವ ದೆವ್ವ ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಮುಗಿಯಿತು ಎಂಬುದು ಆಗಿನ ನಂಬಿಕೆ. ಗೊತ್ತಿಲ್ಲದ ದನಿಗೆ ಯಾರೂ ಬಾಗಿಲು ತೆರೆಯುವುದಿಲ್ಲವಲ್ಲ!

ಕಿಸಿಲೋವಾದ ಆ ರೈತನಿಗೆ ತೀರ ಹತ್ತಿರದ ಕತೆ ಬರೆದವನು ರಷ್ಯದ ಅಲೆಕ್ಸಿ ಟಾಲ್‌ಸ್ಟಾಯ್. ‘ಯುದ್ಧ ಮತ್ತು ಶಾಂತಿ’ ಬರೆದ ಲಿಯೋ ಟಾಲ್‌ಸ್ಟಾಯ್ ಅಲ್ಲ, ಅವರ ದೂರದ ಸಂಬಂಧಿ. 1839ರ ಸುಮಾರಿಗೆ, ಇನ್ನೂ ಇಪ್ಪತ್ತೆರಡರ ಹರೆಯದಲ್ಲಿ, ಫ್ರೆಂಚ್ ಭಾಷೆಯಲ್ಲಿ ಅವನು ‘ವುರ್ದಲಾಕನ ಕುಟುಂಬ’ ಎಂಬ ಕತೆ ಬರೆದ; ವುರ್ದಲಾಕ ಎಂದರೆ ರಕ್ತಪಿಶಾಚಿ. ಸರ್ಬಿಯಾದ ಹಳ್ಳಿಯ ಮುದುಕ ಗೋರ್ಚಾ ಒಬ್ಬ ದರೋಡೆಕೋರನನ್ನು ಬೇಟೆಯಾಡಲು ಹೊರಡುತ್ತಾನೆ. ಹೊರಡುವಾಗ ಮಕ್ಕಳಿಗೆ ಕಟ್ಟಪ್ಪಣೆ ಮಾಡುತ್ತಾನೆ: ಹತ್ತು ದಿನ ಕಾಯಿರಿ, ಅದು ಕಳೆದ ಮೇಲೆ ನಾನು ಬಂದರೆ ಒಳಗೆ ಬಿಡಬೇಡಿ, ನಾನು ಎಷ್ಟು ಬೇಡಿಕೊಂಡರೂ ಬಿಡಬೇಡಿ, ಗೂಟದಿಂದ ಇರಿದು ಬಿಡಿ.

ಮುದುಕ ಹಿಂತಿರುಗುವುದು ಹತ್ತನೆಯ ದಿನ, ಗಡುವು ತೀರುವ ಗಳಿಗೆಗೆ ಸರಿಯಾಗಿ. ಅವಧಿ ಮುಗಿಯಿತೇ, ಇನ್ನೂ ಇದೆಯೇ? ಮಠದ ಗಂಟೆ ಬಾರಿಸುತ್ತಿದೆ. ಮಕ್ಕಳಿಗೆ ತೀರ್ಮಾನಿಸಲಾಗುವುದಿಲ್ಲ. ಬಂದಿರುವವನು ಅಪ್ಪ; ಗಾಯಗೊಂಡಿದ್ದಾನೆ, ದಣಿದಿದ್ದಾನೆ. ಮನೆಯ ನಾಯಿ ಮಾತ್ರ ಅವನನ್ನು ಕಂಡು ಊಳಿಡುತ್ತದೆ. ಅನುಮಾನ ಹಿರಿಯ ಮಗನನ್ನು ತಿನ್ನುತ್ತಿದೆ, ಆದರೆ ಅಪ್ಪನ ಎದೆಗೆ ಗೂಟ ಹೊಡೆಯುವ ಮಗ ಎಲ್ಲಿದ್ದಾನೆ? ಹೀಗೆ ಪಿಶಾಚಿ ಅಡಿಗೆಯ ಒಲೆಯ ಪಕ್ಕ ಬಂದು ಕೂರುತ್ತದೆ. ಮೊದಲು ಮೊಮ್ಮಗ ಸಾಯುತ್ತಾನೆ. ಆ ಹುಡುಗನನ್ನು ಮಣ್ಣು ಮಾಡಿದ ಮೇಲೆ ಒಂದು ರಾತ್ರಿ ಬಾಗಿಲ ಹೊರಗೆ ಅಳು ಕೇಳಿಸುತ್ತದೆ. ಚಳಿಯಾಗುತ್ತಿದೆ, ಮನೆಗೆ ಬರಬೇಕು ಎಂದು ಮಗು ಅಳುತ್ತಿದೆ. ತಾನೇ ಕೈಯಾರೆ ಮಣ್ಣು ಕೊಟ್ಟಿದ್ದರೂ ತಾಯಿಗೆ ತಡೆಯಲಾಗಲಿಲ್ಲ. ಬಾಗಿಲು ತೆರೆದಳು.

ಈ ಕತೆಯಲ್ಲಿ ದುಷ್ಟರು ಯಾರೂ ಇಲ್ಲ. ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಯ ದಾರಿಯಲ್ಲೇ ಸಾವು ಮನೆಯೊಳಗೆ ಹರಡುತ್ತದೆ. ಇಡೀ ಪಿಶಾಚಿ ಸಾಹಿತ್ಯದಲ್ಲಿ ಆ ತಾಯಿ ಚಿಲಕ ತೆಗೆಯುವ ಗಳಿಗೆಗೆ ಸರಿಸಾಟಿಯಾದದ್ದು ನಾನು ಕಂಡಂತೆ ಒಂದೆರಡು ಮಾತ್ರ.

ಅವುಗಳಲ್ಲಿ ಒಂದು ನೂರಕ್ಕೂ ಹೆಚ್ಚು ವರ್ಷಗಳ ಅನಂತರ, ಅಮೆರಿಕದಲ್ಲಿ ಬಂತು. ರಿಚರ್ಡ್ ಮ್ಯಾಥೆಸನ್ 1954ರಲ್ಲಿ ಬರೆದ ‘ಐ ಆ್ಯಮ್ ಲೆಜೆಂಡ್’ ಕಾದಂಬರಿಯಲ್ಲಿ ದೇವರು, ದೆವ್ವ, ಶಾಪ ಯಾವುದೂ ಇಲ್ಲ. ರೋಗಾಣುವಿನಿಂದ ಹರಡಿದ ಸಾಂಕ್ರಾಮಿಕ ರೋಗದಿಂದ ಜನರೆಲ್ಲ ರಕ್ತಪಿಶಾಚಿಗಳಾಗಿದ್ದಾರೆ. ರಾಬರ್ಟ್ ನೆವಿಲ್ ಎಂಬ ಸಾಮಾನ್ಯ ಮನುಷ್ಯ ಕಿಟಕಿಗಳಿಗೆ ಹಲಗೆ ಹೊಡೆದುಕೊಂಡು ಒಬ್ಬನೇ ಬದುಕುತ್ತಿದ್ದಾನೆ. ಹಗಲು ಮಲಗಿರುವ ಪಿಶಾಚಿಗಳನ್ನು ಹುಡುಕಿ ಕೊಲ್ಲುವುದು, ಕತ್ತಲಾಗುತ್ತಲೇ ಒಳಗೆ ಸೇರಿ ಸಂಗೀತದ ತಟ್ಟೆ ಹಾಕಿ ಕುಡಿಯುತ್ತ ಕೂರುವುದು. ಹಿಂದೆ ನೆರೆಯವನಾಗಿದ್ದ ಬೆನ್ ಕಾರ್ಟ್‌ಮನ್ ಪ್ರತಿ ರಾತ್ರಿ ಅಂಗಳದಲ್ಲಿ ನಿಂತು ನೆವಿಲ್‌ನನ್ನು ಹೊರಗೆ ಬಾ ಎಂದು ಕೂಗುತ್ತಾನೆ.

ನೆವಿಲ್‌ನ ಮಗಳು ಆ ರೋಗಕ್ಕೆ ಬಲಿಯಾದಾಗ ಕಾನೂನಿನ ಪ್ರಕಾರ ಅವಳ ದೇಹವನ್ನು ಸಾರ್ವಜನಿಕ ಬೆಂಕಿಯ ಕೊಂಡಕ್ಕೆ ಹಾಕಿದ್ದರು. ಹೆಂಡತಿ ಸತ್ತಾಗ ಅವಳಿಗೂ ಆ ಗತಿಯಾಗುವುದನ್ನು ಅವನಿಂದ ಸಹಿಸಲಾಗಲಿಲ್ಲ. ಗುಟ್ಟಾಗಿ ಮಣ್ಣು ಮಾಡಿದ. ಕೆಲವೇ ದಿನಗಳಲ್ಲಿ, ರಾತ್ರಿ, ಬಾಗಿಲಿನ ಹಿಡಿ ತಿರುಗುವ ಸದ್ದಾಯಿತು. ಅವಳು ಅವನ ಹೆಸರನ್ನು ತಡೆತಡೆದು ಉಸುರಿದಳು. ವಿಜ್ಞಾನದ ವೇಷ ತೊಟ್ಟ ಈ ಕಾದಂಬರಿ ಆ ಒಂದು ಗಳಿಗೆಯಲ್ಲಿ ಸೀದಾ ಸರ್ಬಿಯಾದ ಹಳ್ಳಿಗೆ ಹೋಗಿ ನಿಲ್ಲುತ್ತದೆ. ಮ್ಯಾಥೆಸನ್ ಟಾಲ್‌ಸ್ಟಾಯ್‌ನ ಕತೆ ಓದಿರಬೇಕೆಂದೇನಿಲ್ಲ. ಪ್ರೀತಿಪಾತ್ರರನ್ನು ಮಣ್ಣಿಗೆ ಕೊಟ್ಟವರಿಗೆಲ್ಲ ಈ ಕತೆ ಮನಸ್ಸಿನ ತಳದಲ್ಲಿ ಗೊತ್ತಿರುತ್ತದೆ. ಕಾದಂಬರಿಯ ಕೊನೆಯಲ್ಲಿ ಮ್ಯಾಥೆಸನ್ ಮತ್ತೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ರೋಗದೊಂದಿಗೇ ಬದುಕಲು ಕಲಿತ ಹೊಸ ಸಮಾಜವೊಂದು ಎದ್ದು ನಿಲ್ಲುತ್ತದೆ. ಆ ಜನರಿಗೆ, ಹಗಲಿನಲ್ಲಿ ಮನೆಗಳಿಗೆ ನುಗ್ಗಿ ಮಲಗಿದವರನ್ನು ಕೊಲ್ಲುತ್ತಿದ್ದ ನೆವಿಲ್‌ನೇ ಭೂತ. ಇಷ್ಟೂ ದಿನ ತನ್ನ ಬಾಗಿಲು ಕಾಯುತ್ತಿದ್ದವನು ತಾನೆಷ್ಟು ಬಾಗಿಲುಗಳನ್ನು ಮುರಿದಿದ್ದೇನೆಂದು ಆಗ ಕಾಣುತ್ತಾನೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ರೈತನಾಗಿದ್ದ ಪಿಶಾಚಿ ಸಿರಿವಂತನಾದದ್ದು ಯಾವಾಗ? 1816ರಲ್ಲಿ ಎನ್ನಬಹುದು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಆಕಾಶ ಮುಚ್ಚಿ, ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಬಿದ್ದ ಕವಿ ಬೈರನ್ ಮತ್ತು ಗೆಳೆಯರು ದೆವ್ವದ ಕತೆ ಬರೆಯುವ ಪಂದ್ಯ ಕಟ್ಟಿಕೊಂಡರು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಅಲ್ಲಿಯೇ. ಬೈರನ್ನನ ಖಾಸಗಿ ವೈದ್ಯ, ಇಪ್ಪತ್ತರ ಹುಡುಗ ಜಾನ್ ಪೊಲಿಡೊರಿ, ಬೈರನ್ ಅರ್ಧಕ್ಕೆ ಬಿಟ್ಟ ಎಳೆಯೊಂದನ್ನು ಹಿಡಿದು ‘ದಿ ವ್ಯಾಂಪೈರ್’ ಬರೆದ. 1819ರಲ್ಲಿ ಅದು ಅಚ್ಚಾದಾಗ ಬೈರನ್ನನ ಹೆಸರೇ ಅದಕ್ಕೆ ಅಂಟಿಕೊಂಡಿತ್ತು. ತನ್ನ ಕತೆ ತನ್ನದೆಂದು ಸಾಧಿಸುವುದರಲ್ಲೇ ಹೆಣಗಿದ ಪೊಲಿಡೊರಿ ಎರಡು ವರ್ಷಕ್ಕೆ ತೀರಿಹೋದ. ಆಗ ಅವನಿಗೆ ಕೇವಲ ಇಪ್ಪತ್ತೈದು.

ಅವನ ಲಾರ್ಡ್ ರುತ್‌ವೆನ್ ಲಂಡನ್ನಿನ ಔತಣಕೂಟಗಳಲ್ಲಿ ಓಡಾಡುವ ಶ್ರೀಮಂತ. ಅವನಿಗೆ ಚಿಲಕ, ಕಿಟಕಿ ಯಾವುದೂ ಅಡ್ಡಿಯಲ್ಲ. ದೊಡ್ಡ ಮನೆಗಳ ಬಾಗಿಲುಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತವೆ. ಆಬ್ರಿ ಎಂಬ ತರುಣನಿಂದ ಅವನು ಆಣೆ ಹಾಕಿಸಿಕೊಳ್ಳುತ್ತಾನೆ: ಒಂದು ವರ್ಷ ಒಂದು ದಿನ ನನ್ನ ಸಾವಿನ ಸಂಗತಿ ಬಾಯಿ ಬಿಡಬಾರದು. ಸತ್ತವನು ಎದ್ದು ಬಂದು ಆಬ್ರಿಯ ತಂಗಿಯನ್ನೇ ಮದುವೆಯಾಗಲು ನಿಲ್ಲುತ್ತಾನೆ. ಕೊಟ್ಟ ಮಾತಿಗೆ ಕಟ್ಟುಬಿದ್ದ ಅಣ್ಣ ಹುಚ್ಚನಂತಾಗುತ್ತಾನೆಯೇ ಹೊರತು ಗಡುವು ತೀರುವವರೆಗೆ ಸತ್ಯ ಹೇಳುವುದಿಲ್ಲ. ಕತೆಯ ಬರವಣಿಗೆ ಒಣಕಲು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಮರ್ಯಾದಸ್ಥರ ಮೌನವೇ ಪಿಶಾಚಿಗೆ ದಾರಿ ಬಿಡುತ್ತದೆ ಎಂಬ ಅದರ ಹೊಳಹು ಇಂದಿಗೂ ಹರಿತವಾಗಿದೆ. ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಬದುಕು ಇಂಥ ಮೌನಕ್ಕೆ ಬಲಿಯಾಗಿಲ್ಲ?

ಐರ್ಲೆಂಡಿನ ಶೆರಿಡನ್ ಲೆ ಫಾನು 1871-72ರಲ್ಲಿ ಬರೆದ ‘ಕಾರ್ಮಿಲ್ಲಾ’ ನನಗೆ ಇವೆಲ್ಲವುಗಳಿಗಿಂತ ಹೆಚ್ಚು ಪ್ರಿಯವಾದದ್ದು. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯ, ಕಾಡಿನ ನಡುವೆ ಒಂಟಿ ಕೋಟೆಮನೆ. ತಾಯಿಯಿಲ್ಲದ ಹುಡುಗಿ ಲಾರಾ ತಂದೆಯೊಂದಿಗೆ ಇದ್ದಾಳೆ. ಅವಳಿಗೆ ಹತ್ತೊಂಬತ್ತು. ಓರಗೆಯ ಗೆಳತಿಯೊಬ್ಬಳು ಬರುವವಳಿದ್ದಳು, ಅವಳು ಸತ್ತ ಸುದ್ದಿ ಬರುತ್ತದೆ. ಅದೇ ಸಂಜೆ ಬೆಳದಿಂಗಳಲ್ಲಿ, ಮನೆಯ ಮುಂದೆಯೇ ಸಾರೋಟೊಂದು ಮಗುಚಿ ಬೀಳುತ್ತದೆ. ಒಳಗಿನಿಂದ ಮೂರ್ಛೆ ಹೋದ ಚೆಲುವೆಯನ್ನು ಎತ್ತಿ ತರುತ್ತಾರೆ. ಅವಳ ತಾಯಿಗೆ ಜರೂರು ಪ್ರಯಾಣ, ನಿಲ್ಲುವಂತಿಲ್ಲ. ಲಾರಾ ತಂದೆಯ ಕಿವಿಯಲ್ಲಿ ಬೇಡಿಕೊಳ್ಳುತ್ತಾಳೆ: ಅಪ್ಪಾ, ಇವಳು ನಮ್ಮಲ್ಲೇ ಇರಲಿ.

ಬಾಗಿಲು ತೆರೆದದ್ದು ಒಂಟಿತನ. ಗೆಳತಿಗಾಗಿ ಹಂಬಲಿಸಿದ ಹುಡುಗಿಗೆ ಗೆಳತಿ ಸಿಕ್ಕಿದ್ದಾಳೆ, ಅವಳು ಪಿಶಾಚಿ ಅಷ್ಟೆ. ಕಾರ್ಮಿಲ್ಲಾ ತಡವಾಗಿ ಏಳುತ್ತಾಳೆ, ಒಂದು ಬಟ್ಟಲು ಚಾಕಲೇಟು ಕುಡಿಯುತ್ತಾಳೆ, ಊಟ ಮುಟ್ಟುವುದಿಲ್ಲ. ಲಾರಾಳ ಕೈ ಹಿಡಿದು, ಕೆನ್ನೆಗೆ ಕೆನ್ನೆ ತಾಗಿಸಿ ಪ್ರೇಮದ ಮಾತಾಡುತ್ತಾಳೆ. ಲಾರಾಳಿಗೆ ಸೆಳೆತವೂ ಹೌದು, ಹೇಸಿಗೆಯೂ ಹೌದು. ಆ ಎರಡನ್ನೂ ಲೆ ಫಾನು ಒಟ್ಟಿಗೇ ಹಿಡಿದಿಟ್ಟಿದ್ದಾನೆ, ಒಂದನ್ನು ಬಿಟ್ಟು ಒಂದನ್ನು ಆರಿಸಿಕೊಳ್ಳುವುದಿಲ್ಲ. ಒಂದು ದಿನ ತಾಯಿತ ಮಾರುವ ಗೂನುಬೆನ್ನಿನವನೊಬ್ಬ ಅಂಗಳಕ್ಕೆ ಬರುತ್ತಾನೆ. ಕಿಟಕಿಯಲ್ಲಿ ನಿಂತ ಕಾರ್ಮಿಲ್ಲಾಳನ್ನು ನೋಡಿ, ಈ ಹೆಣ್ಣುಮಗಳ ಹಲ್ಲೊಂದು ಸೂಜಿಯಂತೆ ಚೂಪಾಗಿದೆ, ಬೇಕಾದರೆ ಉಜ್ಜಿ ಮೊಂಡು ಮಾಡಿಕೊಡುತ್ತೇನೆ ಎನ್ನುತ್ತಾನೆ. ಮನೆಯವರು ಯಾರೂ ಕಾಣದ್ದನ್ನು ಬೀದಿಯ ಬಡವ ಕಂಡುಬಿಟ್ಟ! ಅವಳು ಸಿಟ್ಟಿನಿಂದ ಉರಿದುಹೋಗುತ್ತಾಳೆ. ಇಡೀ ಕತೆಯ ಭಯವನ್ನು ಈ ಪುಟ್ಟ ದೃಶ್ಯ ನಗುನಗುತ್ತಲೇ ನಮ್ಮೆದುರು ಇಟ್ಟುಬಿಡುತ್ತದೆ.

ಕೊನೆಗೆ ಸಮಾಧಿ ತೆಗೆದಾಗ ಸೀಸದ ಪೆಟ್ಟಿಗೆಯಲ್ಲಿ ಏಳು ಅಂಗುಲ ರಕ್ತದಲ್ಲಿ ಮುಳುಗಿ ಮಲಗಿರುತ್ತಾಳೆ. ಗೂಟ, ಕೊಡಲಿ, ಬೆಂಕಿ ಎಲ್ಲ ಆಗುತ್ತದೆ. ಆದರೂ ಲಾರಾಳ ಕತೆ ಅಲ್ಲಿಗೆ ಮುಗಿಯುವುದಿಲ್ಲ. ವರ್ಷಗಳಾದ ಮೇಲೂ ಅವಳ ನೆನಪಿನಲ್ಲಿ ಕಾರ್ಮಿಲ್ಲಾ ಒಮ್ಮೆ ನಗುನಗುವ ಗೆಳತಿ, ಒಮ್ಮೆ ಪಾಳುಗುಡಿಯಲ್ಲಿ ಕಂಡ ರಾಕ್ಷಸಿ. ಮನೆಯ ಬಾಗಿಲಲ್ಲಿ ಅವಳ ಹಗುರ ಹೆಜ್ಜೆ ಕೇಳಿದಂತಾಗಿ ಬೆಚ್ಚುತ್ತಾಳೆ. ಅದು ಭಯವೋ, ಬರಲಿ ಎಂಬ ಆಸೆಯೋ, ಲೆ ಫಾನು ಬಿಡಿಸಿ ಹೇಳುವುದಿಲ್ಲ.

ಕಾಲು ಶತಮಾನದ ಅನಂತರ, 1897ರ ಮೇ ತಿಂಗಳಲ್ಲಿ, ಇನ್ನೊಬ್ಬ ಐರಿಶ್ ಲೇಖಕ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಪ್ರಕಟಿಸಿದ. ಸ್ಟೋಕರ್ ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕ. ಟ್ರಾನ್ಸಿಲ್ವೇನಿಯಾಕ್ಕೆ ಅವನು ಹೋದವನೇ ಅಲ್ಲ. ಎಲ್ಲವೂ ಗ್ರಂಥಾಲಯದ ಪುಸ್ತಕಗಳಿಂದ ಹೆಕ್ಕಿದ್ದು. ಕರೆಯದೆ ಒಳಗೆ ಬರುವಂತಿಲ್ಲ ಎಂಬ ನಿಯಮವನ್ನು ಮುಂದಿನ ಕತೆಗಾರರೆಲ್ಲ ಕಲಿತದ್ದು ಹೆಚ್ಚಾಗಿ ಈ ಕಾದಂಬರಿಯಿಂದ. ಅದನ್ನು ಅವನು ಮೊದಲು ತಿರುವುಮುರುವು ಮಾಡಿ ತೋರಿಸುತ್ತಾನೆ. ವಕೀಲ ಜೊನಾಥನ್ ಹಾರ್ಕರ್ ಕೋಟೆಗೆ ಬಂದಾಗ ಕೌಂಟ್ ಡ್ರಾಕುಲಾ ಹೊಸ್ತಿಲ ಒಳಗೆ ಕಲ್ಲಿನಂತೆ ನಿಂತಿರುತ್ತಾನೆ. ಅತಿಥಿ ತಾನಾಗಿ ಹೊಸ್ತಿಲು ದಾಟಿದ ಕ್ಷಣ ಮುಂದೆ ಹಾರಿ ಕೈ ಹಿಡಿಯುತ್ತಾನೆ, ಹಿಮದಂಥ ತಣ್ಣನೆಯ ಕೈ. ಮೊದಲ ನಾಲ್ಕು ಅಧ್ಯಾಯಗಳಿಗೆ ಸಾಟಿಯಿಲ್ಲ.

ಡ್ರಾಕುಲಾ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುತ್ತಾನೆ, ಕಾಗದಪತ್ರವೆಲ್ಲ ಕ್ರಮಬದ್ಧ. ತಾನು ಪರದೇಶಿಯೆಂದು ಯಾರಿಗೂ ತಿಳಿಯಬಾರದೆಂದು ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳುತ್ತಾನೆ. 1897 ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವದ ವರ್ಷ. ಲೋಕದ ಕಾಲುಭಾಗದಷ್ಟು ನೆಲಕ್ಕೆ ಕರೆಯದೆಯೇ ಹೋಗಿ ಕೂತಿದ್ದ ಜನ, ಯಾರೋ ಬಂದು ತಮ್ಮ ಮನೆ ಸೇರಿ ತಮ್ಮ ರಕ್ತ ಹೀರುವ ಕತೆಯನ್ನು ಬೆಚ್ಚಿ ಓದಿದರು. ಸಾಮ್ರಾಜ್ಯದ ಈ ಅಳುಕನ್ನು ವಿಮರ್ಶಕರು ಗುರುತಿಸಿದ್ದಾರೆ, ವಸಾಹತಿನ ಕಡೆಯಿಂದ ಓದುವ ನಮಗಂತೂ ಅದು ಕಣ್ಣಿಗೆ ಹೊಡೆಯುತ್ತದೆ. ಕೊನೆಯಲ್ಲಿ ಕೌಂಟ್‌ನ ಕುತ್ತಿಗೆ ಸೀಳುವ ಹಾರ್ಕರನ ಆಯುಧವೂ ಕುಕ್ರಿ, ಗೂರ್ಖಾ ಯೋಧರ ಕತ್ತಿ.

ಆದರೂ ಡ್ರಾಕುಲಾದ ನಿಜವಾದ ಬಲ ಬೇರೆ ಕಡೆ ಇದೆ. ಡ್ರಾಕುಲಾನಿಗೆ ಬಲಿಯಾಗುತ್ತಿರುವ ತರುಣಿ ಲೂಸಿಯನ್ನು ಉಳಿಸಲು ವೈದ್ಯ ವ್ಯಾನ್ ಹೆಲ್ಸಿಂಗ್ ಕೋಣೆಯ ತುಂಬ ಬೆಳ್ಳುಳ್ಳಿ ಹೂ ಇರಿಸಿ, ಅವಳ ಕೊರಳಿಗೂ ಮಾಲೆ ಹಾಕಿ, ಕಿಟಕಿ ಭದ್ರಪಡಿಸಿ ಹೋಗುತ್ತಾನೆ. ಲೂಸಿಯ ತಾಯಿಗೆ ಹೃದಯರೋಗ. ಆಘಾತವಾದೀತೆಂದು ಆಕೆಗೆ ಏನನ್ನೂ ತಿಳಿಸಿರುವುದಿಲ್ಲ. ರಾತ್ರಿ ಮಗಳನ್ನು ನೋಡಲು ಬಂದ ತಾಯಿ, ಪಾಪ ಉಸಿರುಗಟ್ಟುತ್ತಿದೆಯೆಂದು ಹೂವನ್ನೆಲ್ಲ ತೆಗೆದು ಕಿಟಕಿ ತೆರೆದಿಡುತ್ತಾಳೆ. ಬೆಳಗ್ಗೆ ವೈದ್ಯರಿಗೆ ಅದನ್ನು ಸಂತೋಷದಿಂದ ಹೇಳುತ್ತಾಳೆ. ಮುಂದೆ ಹಾರ್ಕರನ ಹೆಂಡತಿ ಮೀನಾಳಿಗೂ ಹೀಗೇ. ಹೆಣ್ಣು ಹೆದರಬಾರದೆಂದು ಗಂಡಸರೆಲ್ಲ ಅವಳಿಂದ ಸಂಗತಿ ಮುಚ್ಚಿಟ್ಟು, ಅವಳನ್ನು ಒಬ್ಬಳೇ ಮಲಗಲು ಬಿಟ್ಟು ಬೇಟೆಗೆ ಹೊರಡುತ್ತಾರೆ. ಅವಳು ದಿನದಿನಕ್ಕೆ ಬಿಳಿಚಿಕೊಂಡರೆ ದಣಿವು ಎನ್ನುತ್ತಾರೆ. ಅವಳು ತಂಗಿದ್ದ ಹುಚ್ಚಾಸ್ಪತ್ರೆಯ ರೋಗಿ ರೆನ್‌ಫೀಲ್ಡ್ ಕೌಂಟ್‌ನನ್ನು ಒಳಗೆ ಕರೆದ ಎಂಬುದು ನಿಜ. ಆದರೆ ಅರ್ಧ ಬಾಗಿಲನ್ನು ಗಂಡನ ಕಾಳಜಿಯೇ ತೆರೆದಿಟ್ಟಿತ್ತು. ಕಾದಂಬರಿಯ ಕೊನೆಯ ಭಾಗದ ರೈಲು, ದೋಣಿ, ಕುದುರೆಗಳ ಬೆನ್ನಟ್ಟುವಿಕೆ ನನಗೆ ಇದರ ಮುಂದೆ ಸಪ್ಪೆ.

ಇಲ್ಲಿ ಒಂದು ಮಾತು. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿ ಲಂಡನ್ನಿನ ಪಿಕಾಡಿಲಿ ಬೀದಿಯಲ್ಲಿ ನಡೆದಾಡುತ್ತಾನೆ. ಬಿಸಿಲು ಅವನನ್ನು ಕೊಲ್ಲುವುದಿಲ್ಲ. ಬಿಸಿಲಿಗೆ ಕರಗುವ ಪಿಶಾಚಿಯನ್ನು ಬಳಕೆಗೆ ತಂದದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ಹಕ್ಕು ಪಡೆಯದೆ ತೆಗೆದ ಚಿತ್ರವೆಂದು ಸ್ಟೋಕರನ ಹೆಂಡತಿ ದಾವೆ ಹೂಡಿ ಗೆದ್ದಳು, ಪ್ರತಿಗಳನ್ನು ನಾಶಮಾಡಲು ತೀರ್ಪಾಯಿತು, ಆದರೂ ಚಿತ್ರ ಉಳಿದುಕೊಂಡಿತು.

ಆ್ಯನ್ ರೈಸ್ 1976ರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ನಲ್ಲಿ ಮಾತನ್ನೇ ಪಿಶಾಚಿಯ ಬಾಯಿಗೆ ಕೊಟ್ಟಳು. ಅಷ್ಟರವರೆಗೆ ಬಹುಮಟ್ಟಿಗೆ ಸತ್ತವರ ಬಗ್ಗೆ ಬದುಕಿದವರು ಬರೆಯುತ್ತಿದ್ದರು. ಇಲ್ಲಿ ಲೂಯಿ ಎಂಬ ಪಿಶಾಚಿ ಟೇಪ್ ರೆಕಾರ್ಡರಿನ ಮುಂದೆ ಕೂತು ತನ್ನ ಪಾಪಪ್ರಜ್ಞೆಯನ್ನು ಹೇಳಿಕೊಳ್ಳುತ್ತಾನೆ. ಐದು ವರ್ಷದ ಮಗು ಕ್ಲಾಡಿಯಾಳನ್ನು ಪಿಶಾಚಿಯಾಗಿಸುತ್ತಾರೆ. ಅವಳ ಮನಸ್ಸು ಹೆಂಗಸಿನದಾಗಿ ಬೆಳೆಯುತ್ತದೆ, ದೇಹ ಐದರಲ್ಲೇ ನಿಂತುಬಿಡುತ್ತದೆ. ರೈಸ್‌ಳ ಮಗಳು ರಕ್ತದ ಕ್ಯಾನ್ಸರಿನಿಂದ 1972ರಲ್ಲಿ, ಆರು ತುಂಬುವ ಮುನ್ನವೇ ತೀರಿಕೊಂಡಿದ್ದಳು. ಇದು ಗೊತ್ತಾದ ಮೇಲೆ ಆ ಪುಟಗಳನ್ನು ಮೊದಲಿನಂತೆ ಓದಲಾಗುವುದಿಲ್ಲ. ಸರ್ಬಿಯಾದ ಆ ತಾಯಿಯಂತೆ ಇವಳೂ ಮಗುವಿಗೆ ಬಾಗಿಲು ತೆರೆದವಳೇ.

ಸ್ಟೆಫನಿ ಮೇಯರ್‌ಳ 2005ರ ‘ಟ್ವೈಲೈಟ್’ ಕೋಟ್ಯಂತರ ಹದಿಹರೆಯದವರನ್ನು ಓದಿಗೆ ಎಳೆದ ಪುಸ್ತಕ, ಅದನ್ನು ಹೀಗಳೆಯುವುದಿಲ್ಲ. ಆದರೆ ಅದರ ನಾಯಕ ಬಿಸಿಲಿನಲ್ಲಿ ವಜ್ರದಂತೆ ಮಿನುಗುತ್ತಾನೆ. ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತ ಕೂರುತ್ತಾನೆ. ಯಾರೂ ಕರೆಯಲಿಲ್ಲ, ಕೇಳಲೂ ಇಲ್ಲ. ಹೊಸ್ತಿಲಿನ ಬೆಲೆಯನ್ನೇ ಅಳಿಸಿದ ಮೇಲೆ ಪಿಶಾಚಿಯ ಕತೆಯಲ್ಲಿ ಉಳಿಯುವುದು ಸುಂದರ ಹುಡುಗ ಮಾತ್ರ.

ಅದಕ್ಕೆ ಒಂದು ವರ್ಷ ಮೊದಲೇ ಹೊಸ್ತಿಲಿಗೆ ಮರ್ಯಾದೆ ತಂದುಕೊಟ್ಟವನು ಸ್ವೀಡನ್ನಿನ ಯೋನ್ ಐವಿಡೆ ಲಿಂಡ್‌ಕ್ವಿಸ್ಟ್. ಅವನ ‘ಲೆಟ್ ದಿ ರೈಟ್ ಒನ್ ಇನ್’ 2004ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಬಂತು. ಕತೆ ನಡೆಯುವುದು 1981ರಲ್ಲಿ, ಸ್ಟಾಕ್‌ಹೋಮಿನ ಹೊರವಲಯದ ಬ್ಲಾಕೆಬರ್ಗ್ ಬಡಾವಣೆಯಲ್ಲಿ. ಸಾಲುಸಾಲು ಕಾಂಕ್ರೀಟು ಮನೆಗಳು, ಹಿಮ, ಕುಡುಕರು. ಈ ಊರಿಗೆ ಇತಿಹಾಸವಿಲ್ಲ, ಒಂದು ಚರ್ಚೂ ಇಲ್ಲ ಎಂದು ಲೇಖಕ ಮೊದಲೇ ಹೇಳಿಬಿಡುತ್ತಾನೆ. ಹನ್ನೆರಡರ ಒಸ್ಕರ್ ಶಾಲೆಯಲ್ಲಿ ದಿನವೂ ಪೆಟ್ಟು ತಿನ್ನುವ ಹುಡುಗ. ಪಕ್ಕದ ಮನೆಗೆ ಬಂದ ಎಲಿ ನೋಡಲು ಅವನಷ್ಟೇ ವಯಸ್ಸಿನ ಮಗು. ಇಬ್ಬರೂ ನಡುವಿನ ಗೋಡೆ ಕುಟ್ಟಿ ಮೋರ್ಸ್ ಸಂಕೇತದಲ್ಲಿ ಮಾತಾಡಿಕೊಳ್ಳುತ್ತಾರೆ.

ಎಲಿ ಒಂದು ದಿನ ಬಾಗಿಲಲ್ಲಿ ನಿಂತು ಒಳಗೆ ಬಾ ಎಂದು ಹೇಳು ಎನ್ನುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂದು ಒಸ್ಕರ್ ಸುಮ್ಮನಿರುತ್ತಾನೆ. ಎಲಿ ಹೊಸ್ತಿಲು ದಾಟಿ ಒಳಗೆ ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಕಣ್ಣು, ಮೂಗು, ಕಿವಿ, ಮೈಯ ರೋಮರೋಮದಿಂದ ರಕ್ತ ಒಸರತೊಡಗುತ್ತದೆ. ಒಸ್ಕರ್ ಗಾಬರಿಯಾಗಿ ಬಾ, ಬಾ, ಬರಬಹುದು ಎಂದು ಕಿರುಚುತ್ತಾನೆ. ಸ್ಟೋಕರನ ಕಾದಂಬರಿಯಲ್ಲಿ ಮನೆಯವರಿಗೆ ರಕ್ಷಣೆಯಾಗಿದ್ದ ನಿಯಮ ಇಲ್ಲಿ ಬಂದವರ ನೋವಾಯಿತು. ಕರೆಸಿಕೊಳ್ಳದೆ ಒಳಬಂದವರಿಗೆ ಏನಾಗುತ್ತದೆಂದು ಇನ್ನೂರು ವರ್ಷದಲ್ಲಿ ಹೀಗೆ ಕಣ್ಣಾರೆ ತೋರಿಸಿದವರನ್ನು ನಾನು ಬೇರೆ ಕಂಡಿಲ್ಲ. ಟಾಲ್‌ಸ್ಟಾಯ್‌ನ ಕತೆಯ ತಾಯಿಗೆ ಸಾಟಿಯಾದದ್ದು ಒಂದೆರಡು ಎಂದೆನಲ್ಲ, ಎರಡನೆಯದು ಇದು. ಆದರೂ ಲಿಂಡ್‌ಕ್ವಿಸ್ಟ್ ಎಲಿಯನ್ನು ಮುದ್ದಾಗಿಸುವುದಿಲ್ಲ. ಎಲಿ ಕೊಲ್ಲುತ್ತದೆ, ಸತ್ತವರಿಗೆ ಹೆಸರುಗಳಿವೆ, ಅವರಿಗಾಗಿ ಅಳುವ ಗೆಳೆಯರಿದ್ದಾರೆ. ಒಸ್ಕರ್‌ಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಕರೆಯುತ್ತಾನೆ.

ಈ ಕತೆಗಳನ್ನು ಓದಬೇಕೆನಿಸಿದವರು ದಪ್ಪ ಪುಸ್ತಕ ನೋಡಿ ಹಿಂಜರಿಯಬೇಕಿಲ್ಲ. ‘ಕಾರ್ಮಿಲ್ಲಾ’ ನೂರು ಪುಟ ಚಿಲ್ಲರೆ, ‘ವುರ್ದಲಾಕನ ಕುಟುಂಬ’ ಅದಕ್ಕಿಂತಲೂ ಚಿಕ್ಕದು. ಮೊದಲು ಅವೆರಡನ್ನು ಓದಿ, ಆಮೇಲೆ ‘ಡ್ರಾಕುಲಾ’ಕ್ಕೆ ಹೋಗಿ. ಸಿನಿಮಾಗಳಿಂದ ನಿಮಗೆ ಪರಿಚಯವಾದ ಕೌಂಟ್ ಅಲ್ಲಿ ಬಹುಮಟ್ಟಿಗೆ ಸಿಗುವುದಿಲ್ಲ. ಸಿಗುವವಳು ಮಗಳ ಕೋಣೆಯ ಕಿಟಕಿ ತೆರೆದ ಆ ತಾಯಿ. ಅವಳ ಪುಟಗಳನ್ನು ಅವಸರ ಮಾಡದೆ ಓದಿ.